ನಲವತ್ತು ದೆವ್ವಗಳಲ್ಲಿ ಯಾವುದನ್ನು ಮಾವನ ಮನೆಗೆ ಒಯ್ಯಲಿ?

ಒಬ್ಬ ಲೇಖಕ ಒಂದೋ ಎರಡೋ ಪುಸ್ತಕ ಬರೆದು ಸುಮ್ಮನಾದರೆ ಓದುಗನಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಮುಂದೆ ಯಾವುದನ್ನು ಓದಲಿ ಎಂಬ ಚಿಂತೆಯೇ ಇರುವುದಿಲ್ಲ. ನನಗೆ ಗಂಟುಬಿದ್ದ ಹೈದರಾಬಾದಿನ ಮಹಾಶಯ ಅಂಥವನಲ್ಲ. ಉರ್ದುವಿನಲ್ಲಿ ನಲವತ್ತು ಕಾದಂಬರಿ ಬರೆದಿದ್ದ, ನಲವತ್ತರಲ್ಲೂ ದೆವ್ವ. ಹೆಸರು ಹೇಳುವುದಿಲ್ಲ, ಹೇಳಿದರೆ ಹುರುಪು ಬಂದು ನಲವತ್ತೊಂದನೆಯದನ್ನು ಬರೆದಾನು. ದೆವ್ವದ ಕಥೆ ಓದುವವರು ಧೈರ್ಯವಂತರು ಎಂದು ನೀವು ತಿಳಿದಿದ್ದರೆ, ನಾನು ಆ ಪೈಕಿಯಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಿತ್ತಲಲ್ಲಿ ಬೆಕ್ಕು ಕೊಡ ಉರುಳಿಸಿದರೆ ಮೊದಲು ಬಾಗಿಲಿಗೆ ಅಗುಳಿ ಹಾಕಿ, ಆಮೇಲೆ ಯಾರದು ಎಂದು ಕೇಳುವವನು ನಾನು. ಓದುತ್ತಿದ್ದುದೆಲ್ಲ ಮಾವನವರಿಗಾಗಿ.

ನಿಜಾಮರ ಕಾಲ ಅದು. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಬರೆಯುವುದೆಲ್ಲ ಉರ್ದುವಿನಲ್ಲಿ, ವಾರದ ರಜೆ ಶುಕ್ರವಾರ. ಹೆಂಡತಿ ನೀಲಮ್ಮ ಚೊಚ್ಚಲ ಬಾಣಂತನಕ್ಕೆ ಕಮಲಾಪುರದ ತವರಿಗೆ ಹೋಗಿದ್ದಳು. ಹೆಣ್ಣು ಕೂಸು. ಪ್ರತಿ ಗುರುವಾರ ಕೆಲಸ ಮುಗಿಸಿ ಮೋಟಾರು ಹಿಡಿದು ಹೋಗುವುದು, ಶನಿವಾರ ಮುಂಜಾನೆಯ ಮೊದಲ ಮೋಟಾರಿಗೆ ತಿರುಗಿ ಬರುವುದು ನನ್ನ ಪಾಡಾಗಿತ್ತು. ಒಮ್ಮೆ ಹೊತ್ತು ಹೋಗಲೆಂದು ಆ ಮಹಾಶಯನ ಒಂದು ಕಾದಂಬರಿಯನ್ನು, ಒಳಗೆ ದೆವ್ವವಿದೆ ಎಂದು ತಿಳಿಯದೆ, ಒಯ್ದಿದ್ದೆ. ಮಾವ ಶರಣಪ್ಪನವರು ಬಾಳೆಯ ತೋಟದವರು, ಕಥೆ ಕೇಳುವ ಚಟದವರು. "ಅಳಿಯಾರ, ಒಬ್ಬರೇ ಓದಿಕೋತ ಕುಂತ್ರ ಹ್ಯಾಂಗ? ಅದರಾಗೇನದ ನಮಗೂ ಹೇಳ್ರಿ" ಎಂದರು. ನಾನು ಉರ್ದು ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ಮಾಡಬಾರದಿತ್ತು.

ಏಕೆಂದರೆ ಆ ಮನೆಯಲ್ಲೊಂದು ಪದ್ಧತಿ ಇತ್ತು. ಪುರಾಣ ಹಚ್ಚಿದರೆ ಅದು ಮುಗಿದು, ಮಂಗಲವಾಗಿ, ಎಲ್ಲರ ಕೈಗೂ ಬಾಳೆಹಣ್ಣು ಬೀಳುವವರೆಗೆ ಮನೆಯ ಹೆಣ್ಣುಮಕ್ಕಳು ಊರು ದಾಟುವಂತಿಲ್ಲ. ಇದು ದೇವರ ಕಥೆಗಲ್ಲವೇ, ದೆವ್ವದ ಕಥೆಗೇಕೆ ಎಂದು ನಾನು ಕೇಳಿದೆ. "ಮನಿಯಾಗ ನಾಕು ಮಂದಿ ಕುಂತು ಕೇಳಿದ ಮ್ಯಾಲ ಅದೂ ಪುರಾಣೇ ಆತಲ್ರಿ" ಎಂದರು ಮಾವ. ಐದನೇ ತಿಂಗಳಿಗೆ ಬರಬೇಕಿದ್ದ ನೀಲಮ್ಮ ಏಳನೇ ತಿಂಗಳಾದರೂ ಅಲ್ಲೇ ಉಳಿದಳು. ಒಂದು ಪುಸ್ತಕ ಮುಗಿಯುವ ಹೊತ್ತಿಗೆ ಮಾವ ಇನ್ನೊಂದನ್ನು ಹಚ್ಚಿಸುತ್ತಿದ್ದರು. ನಾಲ್ಕನೆಯದಕ್ಕೆ ನಾನು ಗಟ್ಟಿ ಮನಸ್ಸು ಮಾಡಿ, ಇದು ಮುಗಿದ ಮರುದಿನವೇ ಕಳಿಸಬೇಕು ಎಂದು ಮಾತು ತೆಗೆದುಕೊಂಡೆ. ಮಾವ ಒಪ್ಪಿದರು. ಆದರೆ ಆ ಪುಣ್ಯಾತ್ಮ ಲೇಖಕ ಕೊನೆಯ ಅಧ್ಯಾಯದಲ್ಲಿ ಏನು ಬರೆದಿರಬೇಕು? ಕೂಸು ಕಟ್ಟಿಕೊಂಡು ಗಂಡನ ಮನೆಗೆ ಹೊರಟ ಹೆಂಗಸೊಬ್ಬಳು ಹಳ್ಳ ದಾಟುವಾಗ ಪಿಶಾಚಿಯ ಪಾಲಾಗುತ್ತಾಳೆ. ನಾನಾದರೂ ಬುದ್ಧಿವಂತನಾಗಿದ್ದರೆ ಅದನ್ನು ನುಂಗಿಕೊಳ್ಳುತ್ತಿದ್ದೆ. ಓದುವ ಭರದಲ್ಲಿ ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅತ್ತೆಯವರು ಮೊಮ್ಮಗಳನ್ನು ಎದೆಗವಚಿಕೊಂಡು ಒಳಗೆ ನಡೆದರು. ಕಟ್ಟಿಟ್ಟಿದ್ದ ಗಂಟುಗಳನ್ನು ಬಿಚ್ಚಿದ ಸದ್ದು ಪಡಸಾಲೆಗೆ ಕೇಳಿಸಿತು.

ಇದರ ನಡುವೆ ನನ್ನ ಮಗಳು ನನ್ನನ್ನು ಕಂಡರೆ ಅಳತೊಡಗಿದ್ದಳು. ವಾರಕ್ಕೊಮ್ಮೆ ಬಂದು ಕೆಟ್ಟ ದನಿಯಲ್ಲಿ ಚೀರುವ ಮನುಷ್ಯ ಎಂದಷ್ಟೇ ಅವಳಿಗೆ ನನ್ನ ಪರಿಚಯ. ದೆವ್ವಗಳ ದನಿಯನ್ನು ನಾನೇ ತೆಗೆಯುತ್ತಿದ್ದೆನಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಐದನೆಯ ಪುಸ್ತಕವನ್ನು ಲೆಕ್ಕಾಚಾರದಿಂದ ಆರಿಸಲೇಬೇಕು ಎಂದು ಕೋಟೆಯ ಹತ್ತಿರದ ಕರೀಂ ಮಿಯಾನ ಅಂಗಡಿಗೆ ಹೋದೆ. ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವನು, ಓದಲು ಬಾಡಿಗೆಗೂ ಕೊಡುತ್ತಿದ್ದ, ನಲವತ್ತನ್ನೂ ಓದಿದ್ದ.

"ಮಿಯಾ, ದೆವ್ವ ಜೋರ ಇರಬೇಕು, ಕೂಸು ಇರಬಾರದು, ಹಳ್ಳ ಇರಬಾರದು" ಎಂದೆ.

ಅವನು ಒಂದನ್ನು ತೆಗೆದ. "ಇದು ನೋಡ್ರಿ ಮುನ್ಶೀಜಿ. ಕೂಸು ಇಲ್ಲ, ಬಾವಿ ಅದ."

"ಬಾವಿ ಮಾವನವರ ತೋಟದಾಗೂ ಅದ. ಬ್ಯಾಡ."

"ಇದರಾಗ ಹುಣಸಿ ಗಿಡ."

"ಅವರ ಮನಿ ಮುಂದೇ ಅದ."

"ಇದರಾಗ ಅತ್ತಿನೇ ದೆವ್ವ ಆಗ್ತಾಳ."

ಅದನ್ನು ಕೈಯಲ್ಲಿ ಹಿಡಿದು ನಾನು ಸ್ವಲ್ಪ ಹೊತ್ತು ಯೋಚಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ತಿರುಗಿ ಕೊಟ್ಟೆ. ಕಡೆಗೆ ಕರೀಂ ಮಿಯಾ ಮೂಲೆಯಿಂದ ಒಂದು ತೆಳ್ಳನೆಯ ಪುಸ್ತಕ ಎಳೆದ. "ಇದು ಕಚೇರಿ ಕತಿ. ನಿಮ್ಮಂಥಾ ಒಬ್ಬ ಮುನ್ಶಿ ಸತ್ತಾನ, ಅವನಿಗೇ ಮಾಲೂಮ್ ಇಲ್ಲ. ದಿನಾ ಬಂದು ಕುಂತು ಬರೀತಾನ."

"ಮ್ಯಾಲಿನವರಿಗೂ ಗೊತ್ತಾಗೂದಿಲ್ಲೇನು?"

"ಹ್ಯಾಂಗ ಗೊತ್ತಾಗಬೇಕು ಜನಾಬ್? ಕೆಲಸ ಬರಾಬರ್ ನಡದದಲ್ಲ."

ಬಾವಿ, ಹಳ್ಳ, ಹುಣಸೆ, ಕೂಸು ಯಾವುದೂ ಇಲ್ಲದ ಪುಸ್ತಕ. ಸಂತೋಷದಿಂದ ಒಯ್ದೆ. ಎರಡು ಶುಕ್ರವಾರ ಊಟವಾದ ಮೇಲೆ ಓದಿದೆ. ಮಾವನವರಿಗೆ ಹಿಡಿಸಲಿಲ್ಲ. "ಸತ್ತ ಮ್ಯಾಲೂ ಕಚೇರಿಗೆ ಹೋಗೋ ದೆವ್ವಕ್ಕ ಯಾರು ಅಂಜತಾರ್ರಿ? ಇದು ಮುಗದ ಮ್ಯಾಲ ಒಂದು ದಪ್ಪಂದು ತರ್ರಿ, ಅಂದ್ರ ಮನಸಿಗೆ ಸಮಾಧಾನ" ಎಂದರು. ದಪ್ಪ ಪುಸ್ತಕವೆಂದರೆ ಇನ್ನೂ ಎರಡು ತಿಂಗಳು.

ಮೂರನೆಯ ಶುಕ್ರವಾರ ಕೊನೆಯ ಅಧ್ಯಾಯಕ್ಕೆ ಬಂದಾಗ ನನಗೆ ಏನು ತೋಚಿತೋ, ಆ ಗುಮಾಸ್ತನಿಗೊಬ್ಬ ಹೆಂಡತಿಯನ್ನು ಕೊಟ್ಟುಬಿಟ್ಟೆ. ಲೇಖಕ ಅವಳ ಸುದ್ದಿಯನ್ನೇ ಎತ್ತಿರಲಿಲ್ಲ. ಬಾಣಂತನಕ್ಕೆಂದು ತವರಿಗೆ ಹೋದವಳು, ಇವತ್ತು ಬರುತ್ತಾಳೆ ನಾಳೆ ಬರುತ್ತಾಳೆ ಎಂದು ಅವನು ಕಾದದ್ದು, ಕೈಯಾರೆ ರೊಟ್ಟಿ ಬಡಿದು ಸುಟ್ಟುಕೊಂಡದ್ದು, ಖಾಲಿ ತೊಟ್ಟಿಲನ್ನು ಒಬ್ಬನೇ ತೂಗಿದ್ದು, ಹಾಗೆಯೇ ಸೊರಗಿ ಸತ್ತದ್ದು, ಸತ್ತರೂ ತಿಳಿಸಲು ಮನೆಯಲ್ಲೊಂದು ಜೀವ ಇಲ್ಲದ್ದು. ಹೇಳುತ್ತಾ ಹೇಳುತ್ತಾ ನನ್ನ ಕಣ್ಣಲ್ಲೇ ನೀರು ಬಂತು. ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಹುಡುಗಿ ಅವ್ವಗಾದ್ರೂ ತಿಳೀಬಾರದೇನು?" ಎಂದವರು, ನನ್ನ ಮುಖ ನೋಡಿ ತಟಕ್ಕನೆ ಮಗಳ ಕಡೆ ತಿರುಗಿದರು. ಮಾವ ಕೆಮ್ಮಿದರು. "ಮಂಗಲ ಮಾಡ್ರಿ. ನಾಳಿಗೆ ನೀಲಾನ ಕರಕೊಂಡು ಹೋಗ್ರಿ" ಎಂದರು. ತೋಟದ ಕೆಂಪು ಬಾಳೆಹಣ್ಣು ಎಲ್ಲರ ಕೈಗೂ ಬಿತ್ತು.

ಮರುದಿನ ಮೋಟಾರಿನಲ್ಲಿ ಕೂಸು ನೀಲಮ್ಮನ ಮಡಿಲಲ್ಲಿ ನಿದ್ದೆ ಹೋಗಿತ್ತು. ನಾನು ಗೆದ್ದ ಹೆಮ್ಮೆಯಲ್ಲಿ ಮೀಸೆ ತಿರುವುತ್ತ ಕುಳಿತಿದ್ದೆ.

"ಆ ಗುಮಾಸ್ತನ ಹೆಂಡತಿ ಕತಿ ಪುಸ್ತಕದಾಗ ಇದ್ದಿಲ್ಲ, ಹೌದಲ್ರಿ?" ಎಂದಳು ನೀಲಮ್ಮ.

"ಯಾರಂದ್ರು?"

"ಯಾರು ಅನ್ನಬೇಕ್ರಿ? ಅರ್ಧ ತಾಸು ಒಂದೇ ಹಾಳಿ ಹಿಡಕೊಂಡು ಕುಂತಿದ್ರಿ."

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ಯಾಕ ಹೇಳ್ಲಿ? ನನಗೂ ಬರೂದಿತ್ತು."

ಮಾವನವರಿಗೆ ರುಚಿಸುವ ಪುಸ್ತಕ ಯಾವುದು, ಅತ್ತೆಯವರಿಗೆ ಅಂಜಿಕೆ ಹುಟ್ಟಿಸದ ಪುಸ್ತಕ ಯಾವುದು ಎಂದು ತಲೆ ಕೆಡಿಸಿಕೊಂಡಿದ್ದ ನಾನು, ಇವಳಿಗೆ ಬರುವ ಮನಸ್ಸಿದೆಯೇ ಎಂದು ಒಂದು ಸಲವೂ ಕೇಳಿರಲಿಲ್ಲ. ಆ ತಪ್ಪನ್ನು ಅವಳ ಮೇಲೆಯೇ ಹಾಕುವ ಯತ್ನ ಮಾಡಿದೆ. "ಮೊದಲೇ ಒಂದು ಮಾತು ಹೇಳಬಾರದಿತ್ತೇನು?"

"ಯಾವಾಗ ಹೇಳಬೇಕಿತ್ರಿ? ಬಂದಾಗೆಲ್ಲಾ ದೆವ್ವದ ಮಾತೇ ಆಡತಿದ್ರಿ. ನನ್ನ ಕೂಡ ಎಲ್ಲಿ ಮಾತಾಡಿದ್ರಿ?"

ಇಲ್ಲದ ಹೆಂಡತಿಯ ಬಗ್ಗೆ ಅರ್ಧ ತಾಸು ತಡವರಿಸದೆ ಮಾತಾಡಿದವನಿಗೆ, ಪಕ್ಕದಲ್ಲಿ ಕುಳಿತವಳಿಗೆ ಹೇಳಲು ಕಲಬುರಗಿ ಮುಟ್ಟುವವರೆಗೂ ಒಂದು ಮಾತು ಹೊಳೆಯಲಿಲ್ಲ.