ಬಿಳಿ ಹೊದಿಕೆಯ ಯುದ್ಧನೌಕೆ

ಏಳು ಅಡಿ ಉದ್ದದ ವಸ್ತುವೊಂದಕ್ಕೆ ಬಿಳಿ ಚಾದರ ಹೊದಿಸಿ ಮನೆಯಲ್ಲಿಟ್ಟುಕೊಂಡರೆ ನಾವು ಸುಮ್ಮನಿದ್ದರೂ ಏನಾದರೊಂದು ಆಗುತ್ತಲೇ ಇರುತ್ತದೆ. ನನ್ನ ವಸ್ತು ಒಂದು ಯುದ್ಧನೌಕೆಯ ಮಾದರಿ. ಸಿದ್ಧ ಭಾಗಗಳ ಪೆಟ್ಟಿಗೆ ತಂದು ಜೋಡಿಸಿದ್ದಲ್ಲ. ಪ್ಲೈವುಡ್, ಪ್ಲಾಸ್ಟಿಕ್ ಹಾಳೆ, ಪೈಪಿನ ತುಂಡುಗಳಿಂದ ಮೊದಲಿನಿಂದ ಕಟ್ಟಿದ್ದು. ನಾನು ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬಿಳಿ ಬಟ್ಟೆಯ ಮೇಲೆ ಧೂಳು ಬೇಗ ಕಾಣುತ್ತದೆ. ಚಾದರಕ್ಕೆ ಅದಕ್ಕಿಂತ ಬೇರೆ ಕಾರಣವಿರಲಿಲ್ಲ.

೧. ಪಕ್ಕೆಲುಬು

ತೆಲುಗು ಸೀಮೆಯ ಮಣಿಕೊಂಡದಲ್ಲಿ ನಾನೂ ನನ್ನ ಗೆಳತಿಯೂ ಇರುವುದು ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ, ಕಲಬುರಗಿ ಕಡೆಯ ಅಕ್ಕಾರು. ಒಂದು ಮಧ್ಯಾಹ್ನ ಹೋಳಿಗೆ ಹಿಡಿದು ಮೇಲೆ ಬಂದವರು ಬಾಗಿಲಲ್ಲೇ ನಿಂತರು. ನೌಕೆಗೆ ಆಗಿನ್ನೂ ಹೊರಮೈ ಹಾಕಿರಲಿಲ್ಲ. ಉದ್ದಕ್ಕೊಂದು ಬೆನ್ನೆಲುಬು, ಎರಡೂ ಕಡೆ ಬಾಗಿದ ಪಟ್ಟಿಗಳು. ಅರ್ಧ ತೆರೆದ ಕಿಟಕಿಯ ಬೆಳಕಿನಲ್ಲಿ ಅವುಗಳ ನೆರಳು ಗೋಡೆ ತುಂಬ ಬಿದ್ದಿತ್ತು.

"ಏನಿದು, ಯವ್ವಾ?"

"ಹಡಗು ರೀ, ಅಕ್ಕಾರ."

ಅವರು ಅದನ್ನು ತುದಿಯಿಂದ ತುದಿಗೆ ನೋಡಿದರು. "ನೀರು ಕಾಣದ ಹಡಗು ಮನ್ಯಾಗ ಇಡಬಾರದು. ಯುಗಾದಿ ಒಳಗ ತೇಲಿಸು. ತೇಲಿದರ ಎಲ್ಲಿ ಬೇಕಾದರೂ ಇಟ್ಟುಕೋ. ಮುಳುಗಿದರ ಅದೂ ನೀನೂ ಬ್ಯಾರೆ ಮನಿ ನೋಡ್ಕೊಳ್ರಿ."

ಆಗಲಿ ಎಂದೆ. ಅವರು ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿ ಬಂದು, ದನಿ ತಗ್ಗಿಸಿ ಕೇಳಿದರು:

"ಅಲ್ಲಾ, ಅದು ಹೆಂಗ ಸತ್ತಿತ್ತು?"

೨. ರಾಡಾರ್

ಹೊರಮೈ ಮುಗಿದ ಮೇಲೆ ಕಂಬದ ತುದಿಗೆ ರಾಡಾರ್ ಕೂರಿಸಿದೆ. ಬೆರಳುಗುರಿನಷ್ಟು ತಗಡು, ಅದನ್ನು ತಿರುಗಿಸುವ ಮೋಟರು ಇನ್ನೂ ಹಾಕಿರಲಿಲ್ಲ. ಆದರೂ ಒಂದು ದಿನ ಅದು ತಿರುಗಿತು.

ನೋಡಿದವಳು ಗೆಳತಿ. ಜ್ವರವೆಂದು ಮಾದಾಪುರದ ಆಫೀಸಿಗೆ ರಜೆ ಹಾಕಿ ಮಲಗಿದ್ದಳು. ಅಂಟು ಒಣಗಲೆಂದು ಚಾದರ ತೆಗೆದಿತ್ತು. ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ರಾಡಾರ್ ಸದ್ದಿಲ್ಲದೆ ತಿರುಗಿ ಬಾಗಿಲಿನತ್ತ ಮುಖ ಮಾಡಿ ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಅಕ್ಕಾರು. ಮರುದಿನವೂ ಹಾಗೇ. ಅವಳು ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ನಾನು ಪರೀಕ್ಷಿಸಿದೆ. ಅಕ್ಕಾರು ಕೆಳಗಿನ ಬಾಗಿಲು ತೆರೆದರೆ ಗಾಳಿ ಮೆಟ್ಟಿಲ ದಾರಿಯಲ್ಲಿ ಮೇಲೆ ನುಗ್ಗಿ, ನಮ್ಮ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ. ರಾಡಾರ್ ತಿರುಗುತ್ತದೆ. ಇಷ್ಟೇ, ದೆವ್ವವಲ್ಲ ಎಂದು ಗೆಳತಿಗೆ ವಿವರಿಸಿದೆ.

ಅವಳು ಯೋಚಿಸಿದಳು. "ಅಂದ್ರ ಅಕ್ಕಾರು ಬರೋಕ್ಕಿಂತ ಮೊದಲ ಅದಕ್ಕ ಗೊತ್ತಾಗ್ತೈತಿ?"

"ಹೌದು."

"ಮತ್ತ ಅದು ಕೆಲಸ ಮಾಡಾಕತ್ತೈತಿ ಅನ್ನು!"

ಅಕ್ಕಾರದು ಶುದ್ಧ ಸಸ್ಯಾಹಾರಿ ಮನೆ. ಅಂದಿನಿಂದ ನಾವು ಚಾದರ ಸರಿಸಿ, ರಾಡಾರ್ ನೋಡಿಕೊಂಡೇ ಆಮ್ಲೆಟ್ ಹಾಕುತ್ತಿದ್ದೆವು.

೩. ನೀರಿನ ಕ್ಯಾನು

ಬಿಸಿಲು ಏರಿತ್ತು. ನೀರಿನ ಕ್ಯಾನು ತರುವಾತ ಒಳಗೆ ಕಾಲಿಟ್ಟು ಚಾದರದತ್ತ ನೋಡಿದ. ಒಂದು ತುದಿಯಲ್ಲಿ ಕಂಬಕ್ಕೆ ಬಟ್ಟೆ ಎತ್ತರವಾಗಿ ನಿಂತಿತ್ತು, ಇನ್ನೊಂದು ತುದಿ ಪಾದಗಳಂತೆ ಚೂಪಾಗಿತ್ತು. ಕೋಣೆ ತುಂಬ ಅಂಟಿನ ವಾಸನೆ. ಅವನು ಕ್ಯಾನನ್ನು ಸದ್ದಾಗದಂತೆ ಇಳಿಸಿದ. ಖಾಲಿ ಕ್ಯಾನು ಮುಟ್ಟಲಿಲ್ಲ. ಹೊಸ್ತಿಲಾಚೆ ಹೋಗಿ ಕೈಮುಗಿದ.

"ಮೇಡಂ, ಗರ್ಮಿ ಭೋತ್ ಹೈ, ಸೆಕೆ ಜಾಸ್ತಿ," ಎಂದ ಮೆಲ್ಲಗೆ. "ಊರಿಂದ ಯಾರಾದರೂ ಬರೋದಿದ್ದರೆ ಐಸ್ ಆದರೂ ತರಿಸಿ."

೪. ಮೆರವಣಿಗೆ

ಯುಗಾದಿಗೆ ಮುಂಚಿನ ಭಾನುವಾರ ತೇಲಿಸುವುದೆಂದು ನಿರ್ಧರಿಸಿದೆ. ತೇಲುತ್ತದೆ ಎಂದು ಲೆಕ್ಕ ಹೇಳುತ್ತಿತ್ತು, ನೀರನ್ನು ಕೇಳಿರಲಿಲ್ಲ. ಅಷ್ಟು ದೊಡ್ಡ ತೊಟ್ಟಿ ಮನೆಯಲ್ಲೆಲ್ಲಿ? ಮುಳುಗಿದರೆ ಮನೆ ಬಿಡಬೇಕು.

ಕಾಲೊನಿಯ ಹಿಂದೆಯೇ ಕೆರೆ. ನೌಕೆ ಆಟೋದಲ್ಲಿ ಹಿಡಿಸಲಿಲ್ಲ, ಹೊತ್ತೇ ಒಯ್ಯಬೇಕಾಯಿತು. ಭಾರ ಸಮನಾಗಿ ಹಂಚಲೆಂದು ಪಕ್ಕದ ಪೇಂಟರನಿಂದ ಬಿದಿರಿನ ಏಣಿ ತಂದೆ. ಜಾರಬಾರದೆಂದು ಹಗ್ಗದಿಂದ ಬಿಗಿದೆ. ಧೂಳು ಕೂರಬಾರದೆಂದು ಚಾದರ ಹೊದಿಸಿದೆ. ಹೊಸ ಗಾಡಿಗೆ ಮಾಡುವಂತೆ ಪೂಜೆಯಾಗಬೇಕೆಂದು ಅಕ್ಕಾರು ಅದರ ಮೇಲೆ ಚೆಂಡುಹೂ ಚೆಲ್ಲಿ, ಕುಂಕುಮ ಹಾಕಿ, ಲೋಬಾನದ ಹೊಗೆ ಏಳುವ ಮಡಿಕೆ ಹಿಡಿದು ತಾವೇ ಮುಂದೆ ನಡೆದರು. ಹಿಂದೆ ಏಣಿ ಹೊತ್ತು ನಾವಿಬ್ಬರು. ಒಂದೊಂದಾಗಿ ನೋಡಿದರೆ ಯಾವುದರಲ್ಲೂ ತಪ್ಪಿರಲಿಲ್ಲ.

ಕಿರಾಣಿ ಅಂಗಡಿಯ ಶಟರು ಅರ್ಧ ಇಳಿಯಿತು. ಪಕ್ಕದ ಕಟಿಂಗ್ ಶಾಪಿನದೂ. ಸ್ಕೂಟರಿನವನೊಬ್ಬ ನಿಂತು ಹೆಲ್ಮೆಟ್ ತೆಗೆದ. ಒಬ್ಬ ಹಿರಿಯರು ಓಡಿ ಬಂದು ತೆಲುಗಿನಲ್ಲಿ, "ಇಂಟ್ಲೋ ಮಗವಾಳ್ಳು ಲೇರಾ ಅಮ್ಮಾ?" ಎಂದರು. ಮನೆಯಲ್ಲಿ ಗಂಡಸರಿಲ್ಲವೇ ಎಂದು. ಇಲ್ಲ ಎಂದಳು ಗೆಳತಿ, ನಿಜವೇ.

ಅಷ್ಟೇ. ನಾಲ್ಕು ಜನ ಏಣಿಗೆ ಹೆಗಲು ಕೊಟ್ಟರು. ಅವರಲ್ಲೊಬ್ಬ ಯಾದಗಿರಿ ಕಡೆಯ, ಗಾರೆ ಕೆಲಸದ ಗೌಂಡಿ, ಮೈತುಂಬ ಸಿಮೆಂಟು. ಎಷ್ಟು ವೇಗವಾಗಿ ನಡೆದರೆಂದರೆ ಅಕ್ಕಾರು ಮಡಿಕೆ ಹಿಡಿದು ಓಡಬೇಕಾಯಿತು. ದಾರಿ ಕವಲೊಡೆಯುವಲ್ಲಿ ಬಲಕ್ಕೆ ಕೆರೆ, ನೇರ ಹೋದರೆ ಸ್ಮಶಾನ. ಅವರು ನೇರ ಹೋದರು.

"ಅಣ್ಣಾರ, ಕೆರಿ ಈ ಕಡೆ ಐತ್ರಿ!" ಎಂದು ಕೂಗಿದೆ.

"ಅಳಬ್ಯಾಡ್ರಿ ತಂಗಿ," ಎಂದ ಗೌಂಡಿ. "ಮೊದಲ ಇದು ಮುಗೀಲಿ. ಜಳಕಕ್ಕ ಆಮ್ಯಾಲೆ ಅಲ್ಲಿಗೇ ಹೋಗೂದೈತಿ."

ಸ್ಮಶಾನದ ಗೇಟಿನ ಮುಂದೆ ಏಣಿ ಇಳಿಸಿದರು. ಒಳಗೆ ಒಯ್ಯುವ ಮುಂಚೆ ಕಿವಿಯಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ. ಅಕಸ್ಮಾತ್ ಜೀವವಿದ್ದರೆ ಏಳಲೆಂದು. "ಹೆಸರೇನ್ರಿ?" ಎಂದ ಗೌಂಡಿ. ನಾನಿನ್ನೂ ಹೆಸರಿಟ್ಟಿರಲಿಲ್ಲ. ಅವನು ಬಗ್ಗಿ, ತಲೆಯ ಕಡೆಯ ಬಟ್ಟೆ ಸರಿಸಿದ. ಫಿರಂಗಿಯ ನಳಿಗೆ ಅವನ ಮೂಗಿಗೆ ತಾಗಿತು.

ಅವನು ಮೂಗು ಒರೆಸಿಕೊಂಡು ನನ್ನತ್ತ ನೋಡಿದ.

"ಇದೇನ್ರಿ?"

"ಹಡಗಪ್ಪಾ," ಎಂದರು ಅಕ್ಕಾರು, ಏದುಸಿರು ಬಿಡುತ್ತ. "ತೇಲತೈತೇನು ನೋಡಬೇಕು."

ಗೌಂಡಿ ಉಳಿದ ಮೂವರ ಮುಖ ನೋಡಿದ. "ಹೆಗಲು ಕೊಟ್ಟ ಮ್ಯಾಲೆ ನಡುವ ಬಿಡಂಗಿಲ್ಲ. ಎತ್ರೋ," ಎಂದ. ಏಣಿ ಕೆರೆಯತ್ತ ಹೊರಳಿತು.

ನೀರಿಗೆ ಬಿಟ್ಟೆವು. ನೌಕೆ ಒಂದು ಕಡೆ ವಾಲಿತು. ಅಕ್ಕಾರು ನನ್ನ ಕೈ ಹಿಡಿದರು. ಇನ್ನಷ್ಟು ವಾಲಿ, ತಡೆದು, ನಿಧಾನವಾಗಿ ನೆಟ್ಟಗಾಯಿತು. ತೇಲಿತು! "ಉಳೀತವ್ವಾ ನಿನ್ನ ಮನಿ," ಎಂದರು ಅಕ್ಕಾರು.

ಆದರೆ ಅದು ಸುಮ್ಮನಿರಲಿಲ್ಲ. ಮೋಟರಿಲ್ಲ, ಗಾಳಿಯಿಲ್ಲ, ಕೆರೆಯಲ್ಲಿ ಅಲೆಯೂ ಇಲ್ಲ. ಮೂತಿಯನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ, ಸ್ಮಶಾನದ ಗೇಟಿಗೆ ಸರಿಯಾಗಿ ಮುಖ ಮಾಡಿ ನಿಂತುಬಿಟ್ಟಿತು. ಇದಕ್ಕೆ ನನ್ನಲ್ಲಿ ವಿವರಣೆಯಿಲ್ಲ.

ಗೌಂಡಿ ನನ್ನ ಕಡೆ ತಿರುಗಿದ.

"ನೋಡ್ರಿ ತಂಗಿ, ನಾವು ಹೊಂಟಿದ್ದ ದಾರಿನ ಬರೋಬರಿ ಇತ್ತು."