ಕೊನೇ ಬೆಂಚಿನ ಜರ್ಮನ್

ನಾನು ಏನಾದರೊಂದು ಹೊಸದು ಕಲಿಯಲು ಹೊರಟೆನೆಂದರೆ, ಅದನ್ನು ಆಗಲೇ ಕಲಿತು ಮುಗಿಸಿದವರು ನನಗಿಂತ ಮುಂಚೆ ಬಂದು ಜಾಗ ಹಿಡಿದು ಕೂತಿರುತ್ತಾರೆ. ಇದು ನನ್ನ ಹಣೆಬರಹ. ಸ್ಕೂಟಿ ಕಲಿಯಲು ಹೋದಾಗ ಜೊತೆಗೆ ಕಲಿಯುತ್ತಿದ್ದವಳು ಒಂದೇ ಕೈಯಲ್ಲಿ ಗಾಡಿ ಓಡಿಸುತ್ತ ಇನ್ನೊಂದು ಕೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕಂಪ್ಯೂಟರ್ ಕ್ಲಾಸಿಗೆ ಹೋದಾಗ ಪಕ್ಕದಲ್ಲಿ ಕೂತವನು ಮೇಷ್ಟರ ಕಂಪ್ಯೂಟರನ್ನೇ ಬಿಚ್ಚಿ ರಿಪೇರಿ ಮಾಡಿಕೊಡುತ್ತಿದ್ದ. ಅಂಥವಳು ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಜರ್ಮನ್ ಕಲಿಯಲು ಹೋದರೆ ಏನಾಗಬೇಕೋ ಅದೇ ಆಯಿತು.

ನಾನು ನರ್ಸು. ಮನೆ ಕುರುಗೋಡಿನಲ್ಲಿ, ಕೆಲಸ ಸಿರುಗುಪ್ಪದ ಒಂದು ಆಸ್ಪತ್ರೆಯಲ್ಲಿ. ನನ್ನ ಕೈಕೆಳಗೆ ಸೂಜಿ ಚುಚ್ಚಲು ಕಲಿತ ಹುಡುಗಿಯೊಬ್ಬಳು ಜರ್ಮನಿಗೆ ಹೋಗಿ, ಅಂಗೈಯಲ್ಲಿ ಹಿಮ ಹಿಡಿದುಕೊಂಡು ನಿಂತ ಫೋಟೋ ಕಳಿಸಿದಳು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ? ಹದಿನೇಳು ವರ್ಷ ಒಂದೇ ವಾರ್ಡಿನಲ್ಲಿ ಓಡಾಡಿದ್ದೇನೆ, ನನ್ನ ಸ್ವಂತ ಶಕ್ತಿಯಿಂದ ಒಮ್ಮೆಯಾದರೂ ಒಂದು ದೂರದ ಊರಿಗೆ ಹೋಗಬೇಕು ಅನ್ನಿಸಿತು. ವಿಚಾರಿಸಿದಾಗ ಗೊತ್ತಾಯಿತು: ಬಳ್ಳಾರಿಯಲ್ಲಿ ಶನಿವಾರ, ಭಾನುವಾರ ನರ್ಸುಗಳಿಗೆ ಜರ್ಮನ್ ಕ್ಲಾಸು ನಡೆಯುತ್ತದೆ. ವರ್ಷದ ಕೊನೆಗೆ ಅಲ್ಲಿನ ಆಸ್ಪತ್ರೆಯವರೇ ಬಂದು, ಮಾತಾಡಿಸಿ ನೋಡಿ ಆರಿಸಿಕೊಂಡು ಹೋಗುತ್ತಾರೆ. ಆದರೆ ನಲವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಅಂದರೆ ನನಗೆ ಇದೇ ಮೊದಲನೇ ಅವಕಾಶ, ಇದೇ ಕೊನೆಯದು.

ನಮ್ಮ ಮನೆಯವರದು ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಹೆದರುತ್ತಲೇ ಅವರಿಗೆ ವಿಷಯ ಹೇಳಿದೆ. ತಂತಿ ಸುತ್ತುವುದನ್ನು ನಿಲ್ಲಿಸದೆ, "ಹೋಗೂಣು ಬಿಡು. ಅಲ್ಲೇನು ಮೋಟರ್ ಸುಡಂಗಿಲ್ಲೇನು?" ಅಂದರು.

ಯಾವ ಊರಿನ ಜರ್ಮನ್?

ಮೊದಲ ದಿನ ಬಾಗಿಲ ಮೇಲೆ "ಹೊಸಬರಿಗೆ" ಎಂದು ಬರೆದಿತ್ತು. ಅದನ್ನು ನಂಬಿ ಒಳಗೆ ಹೋದೆ. ಹನ್ನೆರಡು ಜನ ಇದ್ದೆವು. ಮೇಡಂ ಧಾರವಾಡದ ಕಡೆಯವರು. ಎಲ್ಲರೂ ಎದ್ದು ನಿಂತು ನಿಮಗೆ ಬಂದಷ್ಟು ಜರ್ಮನ್‌ನಲ್ಲಿ ನಿಮ್ಮ ಪರಿಚಯ ಹೇಳಿ ಅಂದರು.

ಮೊದಲು ಎದ್ದವಳು ಮುಂದಿನ ಬೆಂಚಿನ ಹುಡುಗಿ. ಬಳ್ಳಾರಿಯವಳೇ, ಇಪ್ಪತ್ಮೂರು ವರ್ಷ, ನರ್ಸಿಂಗ್‌ನಲ್ಲಿ ಕಾಲೇಜಿಗೇ ಮೊದಲು. ನೋಟ್‌ಬುಕ್ಕಿನಲ್ಲಿ ನಾಲ್ಕು ಬಣ್ಣದ ಪೆನ್ನು ಸಿಕ್ಕಿಸಿಕೊಂಡು ಬಂದಿದ್ದಳು. ಐದು ನಿಮಿಷ ಗಂಟಲೊಳಗಿಂದ ಜರ್ಮನ್ ಹೊರಡಿಸಿದಳು. ಆಮೇಲೆ ಸಿರುಗುಪ್ಪದ ಬ್ರದರ್ ಎದ್ದ. ನಮ್ಮಲ್ಲಿ ಗಂಡು ನರ್ಸುಗಳಿಗೆ ಬ್ರದರ್ ಅನ್ನುತ್ತೇವೆ. ಅವನು ಮೊಬೈಲಿನಲ್ಲಿ ವರ್ಷಕ್ಕಿಂತ ಹೆಚ್ಚು ದಿನ ಬಿಡದೆ ಕಲಿತು ಬಂದಿದ್ದನಂತೆ. ಹೊಸಬರು ಅಂದರೆ ಇವರು!

ನನ್ನ ಸರದಿ ಬಂತು. ಎದ್ದೆ. ತಲೆಯೊಳಗೆ ಏನೂ ಇಲ್ಲ. ಆದರೆ ಹದಿನೇಳು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ನಮ್ಮ ಸೀಮೆಯಲ್ಲಿ ಎದುರಿಗಿದ್ದವರಿಗೆ ಕನ್ನಡ ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ಬೇರೆ ಭಾಷೆ ಅಂದರೆ ನಮಗೆ ಅದೊಂದೇ. ನನ್ನ ಹೆಸರು, ಊರು, ಗಂಡನ ಮೋಟರ್ ಅಂಗಡಿ, ಮಗಳು ಹೈಸ್ಕೂಲು, ಎಲ್ಲವನ್ನೂ ಗಡಗಡನೆ ತೆಲುಗಿನಲ್ಲಿ ಹೇಳಿ, ಉಸಿರು ಬಿಟ್ಟು ಕೂತುಬಿಟ್ಟೆ. ಕೂತ ಮೇಲೂ ನನಗೆ ಗೊತ್ತಾಗಲಿಲ್ಲ. ಹಿಂದೆ ಮುಂದೆ ಎಲ್ಲರೂ ಬಾಯಿಗೆ ಕರವಸ್ತ್ರ ಇಟ್ಟುಕೊಂಡಿದ್ದು ನೋಡಿ ಗೊತ್ತಾಯಿತು.

ತೆಲುಗಿನ ಗಂಧವೂ ಇಲ್ಲದ ಮೇಡಂ ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡಿದ್ದರು. ಕೊನೆಗೆ ಬಹಳ ಮರ್ಯಾದೆಯಿಂದ, "ನಿಲ್ಲದಂಗ ಭಾಳ ಚಲೋ ಮಾತಾಡಿದ್ರಿ. ಆದ್ರ ಇದು ಯಾವ ಊರಿನ ಜರ್ಮನ್ ರೀ?" ಅಂದರು.

ಮುಂದಿನ ವಾರದಿಂದ ನಾನು ಕೊನೇ ಬೆಂಚು ಹಿಡಿದೆ.

ಎಲ್ಲದಕ್ಕೂ ಯಾ

ಸಿರುಗುಪ್ಪದ ಬ್ರದರ್‌ಗೆ ಒಂದು ಚಟ. ಕ್ಲಾಸಿನವರು ಎಲ್ಲಿ ಸಿಕ್ಕರೂ ಜರ್ಮನ್‌ನಲ್ಲೇ ಮಾತಾಡಿಸುತ್ತಿದ್ದ. ಅಭ್ಯಾಸ ಆಗಲಿ ಅಂತ ಅವನ ಒಳ್ಳೇ ಮನಸ್ಸು. ನಾನು ಮಾತ್ರ ಅವನ ಬೈಕು ಕಂಡರೆ ದಾರಿ ಬದಲಿಸುತ್ತಿದ್ದೆ. ಎಷ್ಟೋ ಸಲ ಡ್ಯೂಟಿ ಮುಗಿಸಿ ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಹೋಗಿದ್ದೇನೆ.

ಒಂದು ಗುರುವಾರ ತರಕಾರಿ ಅಂಗಡಿಯ ಮುಂದೆ ಸಿಕ್ಕಿಬಿದ್ದೆ. ಕೈಯಲ್ಲಿ ಬದನೆಕಾಯಿ ಹಿಡಿದಿದ್ದೆ, ಓಡುವ ಹಾಗಿರಲಿಲ್ಲ. ಅವನು ನಗುನಗುತ್ತ ಜರ್ಮನ್‌ನಲ್ಲಿ ಏನೋ ಉದ್ದಕ್ಕೆ ಕೇಳಿದ. ಒಂದು ಪದವೂ ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನಲು ನಾಚಿಕೆ. "ಯಾ" ಅಂದೆ. ಹಾಗೆಂದರೆ ಹೌದು. ಅವನು ಬದನೆಕಾಯಿ ತೋರಿಸಿ ಮತ್ತೇನೋ ಕೇಳಿದ. "ಯಾ, ಯಾ" ಅಂದೆ. ಅವನಿಗೆ ಬಹಳ ಖುಷಿಯಾಯಿತು. ನನಗೂ ಖುಷಿಯಾಯಿತು. ಮೊದಲನೇ ಸಲ ಒಬ್ಬರ ಜೊತೆ ಪೂರ್ತಿ ಜರ್ಮನ್‌ನಲ್ಲಿ ಮಾತುಕತೆ ಮುಗಿಸಿದ್ದೆನಲ್ಲ!

ಆ ಭಾನುವಾರ ಕ್ಲಾಸಿಗೆ ರಜೆ. ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೇ ನೈಟಿಯಲ್ಲಿ ಅಂಗಳಕ್ಕೆ ಬಂದರೆ ಕ್ಲಾಸಿಗೆ ಕ್ಲಾಸೇ ನಿಂತಿದೆ. ಹನ್ನೊಂದು ಜನ! ಬ್ರದರ್ ಮುಂದೆ ಬಂದು, "ಅಕ್ಕ, ಬಸವಣ್ಣನ ಗುಡಿ ನೋಡ್ಕೊಂಡು ಬಂದ್ವಿ. ಹೊಟ್ಟಿ ಹಸಿದೈತಿ" ಅಂದ. ಆಮೇಲೆ ಗೊತ್ತಾಯಿತು. ಎಲ್ಲರೂ ಕುರುಗೋಡಿಗೆ ಬಂದರೆ ನಿಮ್ಮ ಮನೆಯಲ್ಲಿ ಊಟ ಆಗುತ್ತದಾ ಅಂತ ಅವನು ಕೇಳಿದ್ದು, ನಾನು ಯಾ ಅಂದಿದ್ದು. ರೊಟ್ಟಿ, ಎಣ್ಣೆಗಾಯಿ ಮಾಡ್ತೀರಾ ಅಂತ ಕೇಳಿದ್ದು, ನಾನು ಯಾ, ಯಾ ಅಂದಿದ್ದು.

ಅಕ್ಕಪಕ್ಕದ ಮೂರು ಮನೆಯಿಂದ ರೊಟ್ಟಿ ಕಡ ತಂದು, ನಮ್ಮ ಮನೆಯವರು ಅಂಗಡಿ ಮುಚ್ಚಿ ಬದನೆಕಾಯಿ ಸೀಳಿಕೊಟ್ಟು, ಅಂತೂ ಎಲ್ಲರೂ ತೇಗಿ ಹೋದರು. ಮುಂದಿನ ಬೆಂಚಿನ ಹುಡುಗಿ ನಾಲ್ಕು ರೊಟ್ಟಿ ತಿಂದಳು. ಕೊನೆಗೆ ತಟ್ಟೆ ತೊಳೆಯುತ್ತ ಕೂತಾಗ ಮನೆಯವರು ಕೇಳಿದರು:

"ಅಲ್ಲ, ಜರ್ಮನ್‌ದಾಗ 'ಇಲ್ಲ' ಅನ್ನಾಕ ಏನಂತಾರ?"

"ನೈನ್."

"ಇನ್ನೊಂದು ತಿಂಗ್ಳು ಅದೊಂದೇ ಕಲಿ."

ಹದಿನಾರನೇ ಬೆಡ್ಡು

ಕ್ಲಾಸಿನಲ್ಲಿ ಬಾಯಿ ಬಿಡಲು ಅಂಜಿಕೆ, ಮನೆಯಲ್ಲಿ ಪುರುಸೊತ್ತಿಲ್ಲ. ಹಾಗಾಗಿ ವಾರ್ಡಿನಲ್ಲೇ ಅಭ್ಯಾಸ ಶುರು ಮಾಡಿದೆ. ಅದಕ್ಕೆ ಆರಿಸಿಕೊಂಡಿದ್ದು ಹದಿನಾರನೇ ಬೆಡ್ಡಿನ ತಾತನನ್ನು. ಕೆಂಚನಗುಡ್ಡದವನು, ಎಮ್ಮೆ ದೂಡಿದ್ದಕ್ಕೆ ಬಿದ್ದು ತೊಡೆ ಮೂಳೆ ಮುರಿದುಕೊಂಡು ಬಂದಿದ್ದ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರಿಂದ ಎದ್ದು ಓಡಿಹೋಗುವ ಭಯವಿರಲಿಲ್ಲ. ಅಕ್ಷರ ಬಾರದವನು, ತಪ್ಪು ಹೇಳಿದರೂ ನಗುವುದಿಲ್ಲ ಎಂಬ ಧೈರ್ಯ ಬೇರೆ.

ದಿನಾ ಬೆಳಿಗ್ಗೆ ಅವನ ಮಾತ್ರೆ ಬಿಡಿಸುವಾಗ ಜರ್ಮನ್‌ನಲ್ಲಿ ಎಣಿಸುತ್ತಿದ್ದೆ. ಐನ್ಸ್, ತ್ಸ್ವೈ, ದ್ರೈ... ಇಪ್ಪತ್ತರವರೆಗೆ ಹೋಗಿ ನಿಲ್ಲಿಸುತ್ತಿದ್ದೆ. ತಾತ ಸೂರು ನೋಡುತ್ತ ಮಲಗಿರುತ್ತಿದ್ದ.

ಎರಡನೇ ವಾರ ಒಂದು ದಿನ ಎಣಿಸಿ ಮುಗಿಸಿ ಹೊರಟಿದ್ದೆ. ಹಿಂದಿನಿಂದ ತಾತ ಕರೆದ. "ಸಿಸ್ಟರಮ್ಮ, ಬಾ ಇಲ್ಲಿ. ಫಿಯರ್ ಆದ ಮ್ಯಾಲ ಏನೈತಿ?"

"ಝೆಕ್ಸ್."

"ಅಲ್ಲ. ನಡುವ ಐದಕ್ಕ ಫ್ಯುಂಫ್ ಐತಿ. ಮೊದ್ಲ ವಾರ ಸರಿ ಹೇಳ್ತಿದ್ದಿ, ಮೂರು ದಿನದಿಂದ ನೋಡಾಕ ಹತ್ತೀನಿ, ದಿನಾ ಅದನ್ನ ಹಾರಸ್ತಿ. ಮತ್ತೊಮ್ಮಿ ಮೊದ್ಲಿಂದ ಹೇಳು."

ನಾನು ಕೈಯಲ್ಲಿ ಮಾತ್ರೆ ಹಿಡಿದು ಸಾಲಿ ಹುಡುಗಿಯ ಹಾಗೆ ನಿಂತು ಮೊದಲಿನಿಂದ ಹೇಳಿದೆ. ಅಕ್ಕಪಕ್ಕದ ಬೆಡ್ಡಿನವರು ಎದ್ದು ಕೂತು ಕೇಳಿದರು. ಬಳ್ಳಾರಿಯಲ್ಲಿ ಹನ್ನೊಂದು ಜನ ನನಗಿಂತ ಮುಂದಿದ್ದರು, ಈಗ ಸಿರುಗುಪ್ಪದಲ್ಲಿ ಹನ್ನೆರಡನೆಯವನು ಸಿಕ್ಕ. ಅಂದಿನಿಂದ ನಾನು ತಾತನ ಬೆಡ್ಡಿಗೆ ಹೋಗುವ ಮುಂಚೆ ಬಾತ್‌ರೂಮಿನಲ್ಲಿ ಓದಿಕೊಂಡು ಹೋಗುತ್ತಿದ್ದೆ. ಆದರೆ ಒಂದು ಮಾತು ನಿಜ: ನನ್ನ ಎಣಿಕೆ ಗಟ್ಟಿಯಾದದ್ದು ಆ ತಾತನಿಂದ.

ಡಿಸ್ಚಾರ್ಜ್ ಆದ ದಿನ ವಾಕರ್ ಹಿಡಿದು ಬಾಗಿಲವರೆಗೆ ಹೋದವನು ತಿರುಗಿ ನಿಂತ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಕನಿಕರದಿಂದ, "ನನ್ನ ಮಗನ ಫೋನ್ ನಂಬರ್ ಬರ್ಕೋ ಯವ್ವಾ. ಮರತ್ರ ಅಂಜಬ್ಯಾಡ, ಫೋನ್ ಹಚ್ಚು" ಅಂದ.

ಮೇಡಂ ಪಡೆದ ಗೋಲ್ಡ್ ಮೆಡಲ್ಲು

ಏಳನೇ ತಿಂಗಳಿಗೆ ಸಾಕಾಯಿತು. ಮುಂದಿನ ಬೆಂಚಿನವರು ಜರ್ಮನ್‌ನಲ್ಲಿ ಜೋಕು ಹೇಳಿಕೊಂಡು ನಗುತ್ತಿದ್ದರು. ಅವರು ನಕ್ಕ ಮೇಲೆ, ಎರಡು ಉಸಿರು ಬಿಟ್ಟು, ನಾನೂ ನಗುತ್ತಿದ್ದೆ. ಹೀಗೆ ಎಷ್ಟು ದಿನ? ಒಂದು ಶನಿವಾರ ಮೇಡಂ ಹತ್ತಿರ ಹೋಗಿ, "ನಾಳಿಂದ ಬರಂಗಿಲ್ರಿ, ಮನ್ಯಾಗ ಭಾಳ ಕೆಲ್ಸ" ಅಂದೆ.

"ಖರೇ ಹೇಳ್ರಿ" ಅಂದರು ಮೇಡಂ.

ನನಗೆ ಅಳುವೇ ಬಂತು. "ಅವ್ರ ಮುಂದ ಬಾಯಿ ತಗಿಯಾಕ ಅಂಜಿಕಿ ಆಗ್ತೈತ್ರಿ ಮೇಡಂ. ಅವ್ರು ಎಲ್ಲಿ, ನಾ ಎಲ್ಲಿ?"

ಮೇಡಂ ಕುರ್ಚಿ ಎಳೆದು ಕೂರಿಸಿದರು. ತಮ್ಮ ಕಥೆ ಹೇಳಿದರು. ಜರ್ಮನ್ ಎಂ.ಎ.ಯಲ್ಲಿ ಗೋಲ್ಡ್ ಮೆಡಲ್ ತೆಗೆದುಕೊಂಡು, ಎರಡು ವರ್ಷ ಪಾಠ ಮಾಡಿದ ಮೇಲೆ ಅವರು ಮೊದಲ ಸಲ ಜರ್ಮನಿಗೆ ಹೋಗಿದ್ದರಂತೆ. ಬ್ರೆಡ್ಡು ತರಲು ಬೇಕರಿಗೆ ಹೋದರು. ಮುಂದೆ ನಿಂತವರು ಪಟಪಟ ಮಾತಾಡಿದ್ದು ಕೇಳಿ ಕಲಿತದ್ದೆಲ್ಲ ಮರೆತುಹೋಯಿತು. ಸರದಿ ಬಂದಾಗ ಬಾಯಿಯಿಂದ ಒಂದಕ್ಷರ ಹೊರಡಲಿಲ್ಲ. ಸುಮ್ಮನೆ ಬೆರಳು ತೋರಿಸಿದರು. ಗುರಿ ತಪ್ಪಿತು. ಅಂಗಡಿಯಾಕೆ ಬೆರಳಿನ ನೇರಕ್ಕೆ ಏನಿತ್ತೋ ಅದನ್ನು ಕಟ್ಟಿಕೊಟ್ಟಳು.

"ರೂಮಿಗೆ ಬಂದು ಡಬ್ಬಿ ತಗದು ನೋಡಿದ್ರ ಬರ್ತ್‌ಡೇ ಕೇಕು. ಮ್ಯಾಲ ಯಾರದೋ ಹೆಸರು ಬರದೈತಿ. ವಾಪಸ್ ಕೊಡಬೇಕಂದ್ರ ಮತ್ತ ಮಾತಾಡಬೇಕಲ್ಲ? ಮೂರು ದಿನ ಅದನ್ನ ತಿಂದೆ" ಅಂದರು ಮೇಡಂ. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಪಾಪ, ಆ ಕೂಸು ಅವತ್ತು ಏನು ಕತ್ತರಿಸ್ತೋ ಏನೋ" ಅಂದರು.

ಮರುದಿನವೂ ಕ್ಲಾಸಿಗೆ ಹೋದೆ.

ನಾಡಿ ಹಿಡಿದ ಮಾತು

ಆರಿಸುವ ದಿನ ಬಂತು. ಬಳ್ಳಾರಿಯ ಬಿಸಿಲು ಅವತ್ತು ಜರ್ಮನಿಯವರಿಗೆ ತನ್ನ ಪರಿಚಯವನ್ನು ಚೆನ್ನಾಗಿ ಮಾಡಿಕೊಟ್ಟಿತ್ತು. ಅಲ್ಲಿಂದ ಬಂದಿದ್ದ ಹಿರಿಯ ನರ್ಸಮ್ಮ ಟೊಮೆಟೊ ಬಣ್ಣಕ್ಕೆ ತಿರುಗಿ ಫ್ಯಾನಿನ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬರು ಸಾಹೇಬರು.

ಇಬ್ಬಿಬ್ಬರು ಒಳಗೆ ಹೋಗಿ, ಕೊಟ್ಟ ವಿಷಯದ ಮೇಲೆ ಒಬ್ಬರಿಗೊಬ್ಬರು ಜರ್ಮನ್‌ನಲ್ಲಿ ಮಾತಾಡಬೇಕು. ಬೆಳಿಗ್ಗೆಯೇ ಚೀಟಿ ಎತ್ತಿದ್ದರು. ನನ್ನ ಜೋಡಿ ಯಾರು? ಮುಂದಿನ ಬೆಂಚಿನ ಹುಡುಗಿ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವಳ ಪಕ್ಕ ನಿಂತು ನಾನು ಬಾಯಿ ಬಿಟ್ಟರೆ, ನನ್ನದು ಎಷ್ಟು ಕಡಿಮೆ ಅಂತ ತೂಕ ಹಾಕಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇನ್ನು ಎರಡು ತಿಂಗಳಿಗೆ ನನಗೆ ನಲವತ್ತು.

ವಿಷಯ ಕೊಟ್ಟರು: ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ರಿಟೈರ್ ಆಗುತ್ತಿದ್ದಾರೆ, ಬೀಳ್ಕೊಡುಗೆ ಹೇಗೆ ಮಾಡುತ್ತೀರಿ ಮಾತಾಡಿಕೊಳ್ಳಿ. ಅವಳು ಶುರು ಮಾಡಲಿ ಅಂತ ನಾನು ಕಾದೆ. ಅವಳು ಶುರು ಮಾಡಲಿಲ್ಲ. ನೋಡಿದರೆ ಹುಡುಗಿಯ ಮುಖ ಬಿಳಿಚಿದೆ, ತುಟಿಯ ಮೇಲೆ ಬೆವರು, ಕಣ್ಣು ಗೋಡೆಯಲ್ಲಿ ನೆಟ್ಟಿದೆ.

ಆ ಕ್ಷಣಕ್ಕೆ ನಾನು ಪರೀಕ್ಷೆ ಮರೆತೆ. ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸ, ಕೈ ತಾನಾಗಿ ಹೋಗಿ ಅವಳ ನಾಡಿ ಹಿಡಿಯಿತು. ಕುದುರೆ ಓಟ. ರೋಗಿಗಳಿಗೆ ಹೇಳಲೆಂದು ಬಾಯಿಪಾಠ ಮಾಡಿದ್ದ ಜರ್ಮನ್‌ನಲ್ಲಿ, "ಹೆದರಬೇಡ, ನಾನಿದ್ದೇನೆ. ಉಸಿರು ಎಳೆದುಕೋ. ಬಿಡು. ಮತ್ತೆ" ಅಂದೆ. ಅವಳು ಎಳೆದುಕೊಂಡಳು, ಬಿಟ್ಟಳು. "ನೋವು ಇದೆಯಾ?" ತಲೆ ಅಲ್ಲಾಡಿಸಿದಳು. "ಯಾವಾಗಿನಿಂದ ಹೀಗೆ?"

"ಬೆಳಿಗ್ಗೆಯಿಂದ." ಧ್ವನಿ ಬಂತು. ಜರ್ಮನ್‌ನಲ್ಲೇ ಬಂತು.

"ಏನಾದರೂ ತಿಂದೆಯಾ?"

"ಇಲ್ಲ."

"ಈಗ ಏನು ತಿನ್ನಬೇಕು ಅನ್ನಿಸುತ್ತದೆ?"

"ಮಿರ್ಚಿ" ಅಂದಳು.

ಫ್ಯಾನಿನ ಕೆಳಗಿದ್ದ ನರ್ಸಮ್ಮ ಮುಂದಕ್ಕೆ ಬಾಗಿ, ಮಿರ್ಚಿ ಅಂದರೇನು ಎಂದು ಕೇಳಿದರು. ಅಷ್ಟೇ ಸಾಕಾಯಿತು. ಮೆಣಸಿನಕಾಯಿ ಸೀಳುವುದು, ಹಿಟ್ಟು ಕಲಸುವುದು, ಎಣ್ಣೆ ಎಷ್ಟು ಕಾಯಬೇಕು, ಜೊತೆಗೆ ಒಗ್ಗರಣೆ ಮಂಡಕ್ಕಿ ಯಾಕೆ ಬೇಕು, ಹುಡುಗಿ ಹಳ್ಳ ಹರಿದಂತೆ ಜರ್ಮನ್‌ನಲ್ಲಿ ಹೇಳಿದಳು. ಹಾಗಾದರೆ ರಿಟೈರ್ ಆಗುವವರಿಗೆ ಅದನ್ನೇ ಮಾಡೋಣ ಅಂದೆ ನಾನು. ಯಾರು ಕರಿಯುವುದು, ಯಾರು ಭಾಷಣ ಮಾಡುವುದು, ಎಲ್ಲ ಗೊತ್ತು ಮಾಡಿದೆವು. ಅಷ್ಟು ಹೊತ್ತೂ ನಾನು ಅವಳ ನಾಡಿ ಬಿಟ್ಟಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಸಾಹೇಬರು ನಗು ತಡೆಯಲಾರದೆ ಪೆನ್ನು ಕೆಳಗಿಟ್ಟಾಗ. ನರ್ಸಮ್ಮ ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು: "ಬೀಳ್ಕೊಡುಗೆ ಮಾಡುವಾಗ ನಾಡಿ ನೋಡುವವರನ್ನು ನಾನು ಇಂದೇ ಕಂಡಿದ್ದು. ನಮ್ಮ ವಾರ್ಡಿಗೆ ನಿಮ್ಮಂಥವರು ಬೇಕು."

ಸಂಜೆ ಪಟ್ಟಿ ಹಾಕಿದರು. ಇಬ್ಬರ ಹೆಸರೂ ಇತ್ತು. ಮನೆಯವರಿಗೆ ಫೋನ್ ಮಾಡಿ ಅಳುತ್ತ ನಕ್ಕೆ. ಅವರಿಗೆ ಅಷ್ಟರಲ್ಲೇ ತಿಳಿಯಿತು.

ಹುಡುಗಿ ನನ್ನ ಕೈ ಹಿಡಿದು ಎಳೆದುಕೊಂಡು ರಸ್ತೆಯಾಚೆಯ ಮಿರ್ಚಿ ಬಂಡಿಗೆ ಹೋದಳು. ಎರಡು ಮಿರ್ಚಿ ಖಾಲಿ ಮಾಡಿ, ಮೂಗು ಒರೆಸಿಕೊಂಡು ಅಂದಳು, "ಅಕ್ಕ, ಒಂದು ಮಾತು ಹೇಳ್ಲಾ? ನಿಮ್ಮ ಜೋಡಿ ಬಂದಿದ್ದಕ್ಕ ನನಗ ಒಳಗ ಹೆದರಿಕಿ ಆಗಿದ್ದು. ಮೊದ್ಲಿಂದಾನೂ ನಿಮ್ಮನ್ನ ಕಂಡ್ರ ನನಗ ಭಯ."

ಕಚ್ಚಿದ ಮಿರ್ಚಿ ಕೆಳಗಿಟ್ಟೆ. "ನನ್ನ ಕಂಡ್ರ? ನಾ ಏನು ಮಾಡಿದ್ನೆ?"

"ಏನೂ ಮಾಡ್ಲಿಲ್ಲಲ್ಲ, ಅದಕ್ಕ! ನಾವೆಲ್ಲಾ ಪಾಠಕ್ಕೆ ಹತ್ತು ಸಲ ಕೈ ಎತ್ತಿ ಡೌಟು ಕೇಳ್ತಿದ್ವಿ. ಮೊದ್ಲ ದಿನದ ತೆಲುಗು ನಮ್ಮನ್ನ ನಗಸಾಕ ಅಂದ್ಕೊಂಡಿದ್ದೆ. ವರ್ಷಪೂರ್ತಿ ನೀವು ಒಂದೂ ಡೌಟು ಕೇಳ್ಲಿಲ್ಲ. ಹಿಂದ ಕೂತು ಗಂಭೀರ ನೋಡ್ತಿದ್ರಿ. ಈ ಅಕ್ಕಗ ಎಲ್ಲಾ ಒಮ್ಮಿಗೇ ತಿಳೀತೈತಿ ಅಂತ ನನಗ ರಾತ್ರಿ ನಿದ್ದಿ ಬರ್ತಿರಲಿಲ್ಲ."

ನಾನು ಬಂಡಿಯ ಚಕ್ರ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಅವಳ ಕೆನ್ನೆ ಹಿಂಡಿ ಹೇಳಿದೆ:

"ಹುಚ್ಚಿ, ಡೌಟು ಬರಬೇಕಂದ್ರ ಸ್ವಲ್ಪಾದ್ರೂ ತಿಳಿಬೇಕಲ್ಲ!"