ಲಡಾಖಿನಲ್ಲಿ ಸೋಲೇ ಕಾಣದ ನಮ್ಮ ಮಾವ

ನಮ್ಮ ಮಾವ ಲಡಾಖ್ ಲೋಕಸಭಾ ಕ್ಷೇತ್ರದಲ್ಲಿ ಇದುವರೆಗೆ ಒಂದು ಚುನಾವಣೆಯನ್ನೂ ಸೋತಿಲ್ಲ. ನಿಂತಿಲ್ಲ, ಅದು ಬೇರೆ ವಿಷಯ. ಲಡಾಖನ್ನು ಕಣ್ಣಿಂದ ನೋಡಿಯೂ ಇಲ್ಲ! ಉಡುಪಿ ಕಡೆಯ ಸಮುದ್ರದ ಬದಿಯಲ್ಲಿ ಹುಟ್ಟಿ, ಮೀಸೆ ಚಿಗುರುವಾಗ ಮುಂಬೈಗೆ ಹೋಗಿ, ಅಲ್ಲಿಂದ ಕತಾರಿಗೆ ಹಾರಿ, ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಪೈಪು ವಾಲ್ವುಗಳ ನಡುವೆ ಕೂದಲು ನರೆಸಿಕೊಂಡವರು ಅವರು. ಅವರು ಕಂಡ ಅತಿ ದೊಡ್ಡ ಹಿಮರಾಶಿ ಎಂದರೆ ಅಲ್ಲಿನ ಅಲ್ ಮನ್ಸೂರಾ ಬಡಾವಣೆಯ ತಮ್ಮ ಫ್ಲಾಟಿನಲ್ಲಿ, ಅತ್ತೆಯ ಫ್ರೀಜರಿನ ಬಂಗುಡೆ ಮೀನಿನ ಸುತ್ತ ಕಟ್ಟಿಕೊಂಡದ್ದು.

ನನ್ನ ಅಮ್ಮನ ತಮ್ಮ ಎಂಬ ಅಭಿಮಾನದಿಂದ ಹೇಳುತ್ತಿಲ್ಲ, ಲಡಾಖಿನ ಚುನಾವಣಾ ಚರಿತ್ರೆಯಲ್ಲಿ ಅವರನ್ನು ಮೀರಿಸುವವರು ಕತಾರಿನಲ್ಲಂತೂ ಇಲ್ಲ. ಮೀರಿಸಬೇಕೆಂದು ಹೊರಟವರೂ ಇಲ್ಲ. ಯಾವ ವರ್ಷ ಯಾರು ಗೆದ್ದರು, ಯಾರ ಠೇವಣಿ ಹೋಯಿತು, ಯಾವ ದೊಡ್ಡ ಪಕ್ಷವನ್ನು ಯಾವ ಪಕ್ಷೇತರ ಮಣ್ಣುಮುಕ್ಕಿಸಿದ, ಎಲ್ಲ ಬಾಯಿಪಾಠ. ತಮ್ಮ ಸ್ವಂತ ಊರಿನ ಎಂಪಿ ಯಾರೆಂದು ಕೇಳಿದರೆ ಮಾತ್ರ ಅತ್ತೆಯ ಮುಖ ನೋಡುತ್ತಾರೆ.

ಈ ಹುಚ್ಚು ಹತ್ತಿದ್ದು ಮೆಸಯೀದಿನ ಕಂಪನಿ ಕ್ಯಾಂಪಿನಲ್ಲಿ. ಆಗಿನ್ನೂ ಅತ್ತೆ ಊರಿನಲ್ಲಿದ್ದರು. ಮಾವನ ಕೋಣೆಯಲ್ಲಿ ಕಾರ್ಗಿಲಿನ ಒಬ್ಬ ಗೆಳೆಯನಿದ್ದ. ಬೇಸಿಗೆಯ ಉರಿಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಾ ನಿಂತಾಗ ಆತ ತನ್ನ ಊರಿನ ಎಲೆಕ್ಷನ್ ಕತೆಗಳನ್ನು ಹಿಂದಿಯಲ್ಲಿ ಹೇಳುತ್ತಿದ್ದನಂತೆ. ಹಿಮ ಕರಗಿ ದಾರಿ ತೆರೆಯುವುದಕ್ಕೆ ಕಾಯುವ ಅಭ್ಯರ್ಥಿಗಳು, ಹೆಲಿಕಾಪ್ಟರಿನಿಂದ ಇಳಿಯುವ ಮತಯಂತ್ರಗಳು, ಆಕ್ಸಿಜನ್ ಸಿಲಿಂಡರ್ ಹೊತ್ತು ಹೋಗುವ ಅಧಿಕಾರಿಗಳು. ಕೇಳಿದರೆ ಮೈ ತಂಪಾಗುತ್ತಿತ್ತು ಎನ್ನುತ್ತಾರೆ ಮಾವ. ಗೆಳೆಯ ಕೆಲಸ ಮುಗಿಸಿ ಕಾರ್ಗಿಲಿಗೆ ವಾಪಸಾದ. ಕತೆಗಳು ಮಾತ್ರ ಕತಾರಿನಲ್ಲೇ ಉಳಿದವು, ನಮ್ಮ ಪಾಲಿಗೆ!

ಒಮ್ಮೆ ಅವರ ಮನೆಗೆ ನನ್ನ ಗಂಡನ ಸ್ನೇಹಿತರೊಬ್ಬರನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೆವು. ಪಾಪ, ಅವರು ಮಾತಿಗೆ ಇರಲಿ ಎಂದು, "ಈ ಸಲ ಎಲೆಕ್ಷನ್ ಹೇಗುಂಟು ಅಣ್ಣ?" ಎಂದು ಕೇಳಿಬಿಟ್ಟರು. ಅತ್ತೆ ತಲೆಯ ಮೇಲೆ ಕೈಹೊತ್ತರು. ಮಾವ ಅತಿಥಿಯ ತಟ್ಟೆಯನ್ನೇ ಎಳೆದುಕೊಂಡರು. ಈ ಕಡೆಯ ಗರಿಗರಿ ರೊಟ್ಟಿ ಲೇಹ್, ಆ ಕಡೆಯ ರೊಟ್ಟಿ ಕಾರ್ಗಿಲ್, ನಡುವೆ ಹರಿಸಿದ ಕೋಳಿ ಸಾರು ಸಿಂಧೂ ನದಿ.

"ನೋಡಿ ಮಾರ್ರೆ, ಇಡೀ ದೇಶದಲ್ಲಿ ಇಷ್ಟು ದೊಡ್ಡ ಕ್ಷೇತ್ರ ಬೇರೆ ಇಲ್ಲ. ಆದ್ರೆ ಜನ ಎಲ್ಲಿದ್ದಾರೆ? ಹುಡುಕ್ಬೇಕು. ಲೆಕ್ಕ ಸುಲಭ. ಲೇಹ್‌ನವರು ಒಬ್ಬನನ್ನು ನಿಲ್ಲಿಸಿ ಕಾರ್ಗಿಲಿನಲ್ಲಿ ಇಬ್ಬರು ನಿಂತ್ರೆ ಲೇಹ್ ಗೆಲ್ತದೆ. ಕಾರ್ಗಿಲ್ ಒಟ್ಟಾಗಿ ಲೇಹ್ ಒಡೆದ್ರೆ ಕಾರ್ಗಿಲ್. ಪಕ್ಷಗಿಕ್ಷ ಎಲ್ಲ ಆಮೇಲೆ."

ಉಪನ್ಯಾಸ ಮೂರನೆಯ ಚುನಾವಣೆಗೆ ಬಂದಾಗ ಅತಿಥಿ ಮೆಲ್ಲನೆ ಕೇಳಿದರು, "ಅಣ್ಣ, ಲೇಹ್ ಮೆತ್ತಗಾಗ್ತಾ ಉಂಟು. ತಿನ್ನಬಹುದಾ?"

ಈ ಸಿದ್ಧಾಂತವನ್ನು ಅವರು ಮನೆಯಲ್ಲೂ ಪ್ರಯೋಗಿಸುತ್ತಾರೆ. ವಾರದ ರಜೆಯಾದ ಶುಕ್ರವಾರ ಎಲ್ಲರೂ ಸೇರಿ ಎಲ್ಲಿಗೆ ಹೋಗುವುದೆಂದು ಮತಕ್ಕೆ ಹಾಕುವುದು ಅವರ ಪದ್ಧತಿ. ಅವರಿಗೆ ಬೇಕಾದದ್ದು ಮೀನು ಮಾರುಕಟ್ಟೆ. ನನ್ನ ಗಂಡ ಹೇಗೂ ಅವರ ಜೇಬಿನಲ್ಲಿ. ಆದ್ದರಿಂದ ಹಳೆಯ ಪೇಟೆಬೀದಿ ಸೂಕ್ ಇಷ್ಟಪಡುವ ನನ್ನ ಕಿವಿಯಲ್ಲಿ "ನೀನು ಸೂಕ್ ಅನ್ನು" ಎನ್ನುತ್ತಾರೆ, ಅಡುಗೆಮನೆಗೆ ಹೋಗಿ ಅತ್ತೆಗೆ "ಬೀಚ್ ಚಂದ ಅಲ್ವಾ?" ಎನ್ನುತ್ತಾರೆ. ನಾವು ಒಡೆದೆವು, ಅವರು ಗೆದ್ದರು! ಬಹಳ ಕಾಲ ಹೀಗೇ ನಡೆಯಿತು. ಒಂದು ಶುಕ್ರವಾರ ನಾನು ಸೂಕ್ ಎಂದೊಡನೆ ಅತ್ತೆ ಸೌಟು ಕೆಳಗಿಟ್ಟು, "ನಾನು ನಾಮಪತ್ರ ವಾಪಸ್ ತೆಗೊಂಡೆ. ನನ್ನ ವೋಟು ಸೂಕಿಗೆ," ಎಂದರು. ಸರಿಸಮ ಬಂತು. ಹಾಗೆ ಬಂದರೆ ಚೀಟಿ ಎತ್ತುವುದು ನಿಯಮವಂತೆ. ಎತ್ತಿದೆವು, ಸೂಕ್ ಬಂತು. ಮಾವ ಕಾರಿನಲ್ಲಿ ಕೂತು, "ಇದು ಲಡಾಖ್ ಅಲ್ಲ ಬಿಡು," ಎಂದು ಇಡೀ ದಾರಿ ಗೊಣಗಿದರು.

ಲಡಾಖಿನಲ್ಲಿ ಒಂದು ಸಲ ಗೆಲುವಿನ ಅಂತರ ಒಂದು ಬಸ್ಸಿನೊಳಗೆ ಕೂರಿಸಬಹುದಾದಷ್ಟು ಮತ. ಮತ ಎಣಿಕೆಯ ಆ ದಿನ ಮಾವ ಕೆಲಸಕ್ಕೆ ಹೋಗಿದ್ದರೋ ಇಲ್ಲವೋ, ಅವರ ಮನಸ್ಸಂತೂ ಹೋಗಿರಲಿಲ್ಲ. ಕಾರ್ಗಿಲಿನಲ್ಲಿ ಇಬ್ಬರು ನಿಂತಿದ್ದರು, ಲೇಹ್ ಗೆದ್ದಿತು, ಸಿದ್ಧಾಂತ ಉಳಿಯಿತು. ಸಂಜೆ ಬೀದಿಯ ಅಂಗಡಿಗಳಿಗೆಲ್ಲ ಲಡ್ಡು ಹಂಚಿದರು. ಕೆಳಗಿನ ಕಿರಾಣಿ ಅಂಗಡಿಯ ಮಲಯಾಳಿ ಕಾಕ ಲಡ್ಡು ಬಾಯಿಗಿಟ್ಟುಕೊಂಡು, ಗೆದ್ದದ್ದು ನಿಮ್ಮ ತಮ್ಮನಾ ಎಂದು ಕೇಳಿದರಂತೆ.

ಹೀಗೆ ನಗುತ್ತಲೇ ಇದ್ದ ನಾನು ಕಳೆದ ಲೋಕಸಭಾ ಚುನಾವಣೆಗೆ ಮೊದಲು ಒಂದು ದಿನ ಸುಮ್ಮನೆ ಕೆಣಕಿದೆ. "ಮಾವ, ಇಷ್ಟೆಲ್ಲ ಮಾತಾಡ್ತೀರಲ್ಲ, ನೀವು ಒಂದು ಸಲವಾದ್ರೂ ವೋಟು ಹಾಕಿದ್ದುಂಟಾ?"

ಮಾವ ಎದ್ದರು. ಚಾ ಲೋಟ ಹಿಡಿದು ಬಾಲ್ಕನಿಗೆ ಹೋದರು. ನಾನು ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋದರೆ ಅತ್ತೆಯ ಮುಖ ಸಣ್ಣಗಾಗಿತ್ತು.

"ಅದೊಂದು ಕೇಳ್ಬಾರದಿತ್ತು ನೀನು," ಎಂದರು ಅತ್ತೆ. "ಮದುವೆಯಾದ ಹೊಸತರಲ್ಲಿ ವೋಟಿಗಂತಲೇ ರಜೆ ಹಾಕಿ ಬಂದಿದ್ರು. ಮಗ ಗಲ್ಫಿಂದ ವೋಟು ಹಾಕ್ಲಿಕ್ಕೆ ಬಂದಿದ್ದಾನೆ ಅಂತ ನಮ್ಮತ್ತೆ, ನಿನ್ನ ಅಜ್ಜಿ, ಇಡೀ ಕೇರಿಗೆ ಹೇಳಿ ಆಗಿತ್ತು. ಇವ್ರು ಕಲಿತ ಶಾಲೆಯಲ್ಲೇ ಬೂತ್. ಇಸ್ತ್ರಿ ಮಾಡಿದ ಶರ್ಟ್ ಹಾಕಿ ಲೈನಲ್ಲಿ ನಿಂತ್ರು. ಒಳಗೆ ಹೋದ್ರೆ ಹೆಸರೇ ಇಲ್ಲ. ಊರಲ್ಲಿ ಇಲ್ಲದವರು ಅಂತ ತೆಗೆದುಹಾಕಿದ್ರಂತೆ."

"ಮತ್ತೆ?"

"ಮತ್ತೆಂತ. ಕಿಸೆಯಲ್ಲಿ ಪೈಪಿಗೆ ನಂಬರ್ ಬರೆಯುವ ಮಾರ್ಕರ್ ಇತ್ತಲ್ಲ, ಅದನ್ನೇ ಬೆರಳಿಗೆ ಹಚ್ಚಿಕೊಂಡು ಮನೆಗೆ ಬಂದ್ರು. ನಮ್ಮತ್ತೆ ಬೆರಳು ನೋಡಿ ಖುಷಿಯಲ್ಲಿ ಅಂಜಲ್ ಮೀನು ಹುರಿದು ಬಡಿಸಿದ್ರು. ಮಸಿ ಹೋದಾಗೆಲ್ಲ ಇವ್ರು ಪುನಃ ಹಚ್ಚಿಕೊಂಡ್ರು, ರಜೆ ಮುಗಿಯುವ ತನಕ. ನನಗೆ ಮಾತ್ರ ಹೇಳಿದ್ದು. ಕತಾರಿಗೆ ವಾಪಸ್ ಬಂದ ಮೇಲೆಯೇ ಆ ಕಾರ್ಗಿಲಿನವರು ಹೇಳಿದ್ದು, ಅವರಲ್ಲಿ ಒಂದೇ ಮನೆಯ ಜನರಿಗೋಸ್ಕರ ಸರಕಾರ ಬೆಟ್ಟ ಹತ್ತಿ ಹೋಗಿ ಬೂತ್ ಹಾಕ್ತದೆ ಅಂತ. ಅದೊಂದು ಕತೆಯನ್ನು ಎಷ್ಟು ಸಲ ಹೇಳಿಸಿದ್ದಾರೋ."

ಅಲ್ ರಯ್ಯಾನಿನ ನಮ್ಮ ಮನೆಗೆ ಬಂದವಳೇ ಗಂಡನನ್ನು ಕೂರಿಸಿ, ಮಾವನ ಪಾಸ್‌ಪೋರ್ಟ್ ಪ್ರತಿ ಹಾಕಿ, ಹೊರದೇಶದಲ್ಲಿರುವ ಮತದಾರರೆಂದು ಆನ್‌ಲೈನಿನಲ್ಲಿ ಅರ್ಜಿ ಹಾಕಿಸಿದೆ. "ಯಾಕೆ ಸುಮ್ನೆ, ಹೆಸರು ಇರ್ಲಿಕ್ಕಿಲ್ಲ ಬಿಡು ಮಾರಾಯ್ತಿ," ಎಂದರು ಮಾವ. ಆದರೆ ಬೇಡ ಎನ್ನಲಿಲ್ಲ. ಹೆಸರು ಸೇರಿದೆ ಎಂದು ಮೊಬೈಲಿನಲ್ಲಿ ತೋರಿಸಿದರೂ ನಂಬಲಿಲ್ಲ. ಬೂತಿಗೆ ಹೋದ ಮೇಲೆ ತಾನೇ ಗೊತ್ತಾಗುವುದು?

ಇನ್ನು ಊರಿಗೆ ಹೋಗಿಯೇ ವೋಟು ಹಾಕಬೇಕು, ಅದಕ್ಕೆ ರಜೆ ಬೇಕು. ಕಾರ್ಖಾನೆಯಲ್ಲಿ ವಾರ್ಷಿಕ ದುರಸ್ತಿಯ ಸಮಯ. ಈಜಿಪ್ಟಿನವರಾದ ಮೇಲಧಿಕಾರಿ "ರಜೆ ಮಾಫಿ", ಅಂದರೆ ಇಲ್ಲವೇ ಇಲ್ಲ, ಎಂದುಬಿಟ್ಟರು. ಮಾವ ಅಲ್ಲೇ ಕುರ್ಚಿ ಎಳೆದು ಕೂತು, ಲಡಾಖಿನಲ್ಲಿ ಒಂದು ಮನೆಯ ವೋಟಿಗಾಗಿ ಎಷ್ಟು ಜನ ಎಷ್ಟು ಹಿಮ ತುಳಿಯುತ್ತಾರೆ ಎಂಬಲ್ಲಿಂದ ಶುರುಮಾಡಿದರಂತೆ. ಪಕ್ಷೇತರರ ಅಧ್ಯಾಯಕ್ಕೆ ಬರುವಷ್ಟರಲ್ಲಿ ಮೇಲಧಿಕಾರಿ ಸಹಿ ಹಾಕಿ, "ಖಲಾಸ್, ನಾಳೆಯೇ ಹೋಗು, ಆದರೆ ಈಗ ಮಾತು ನಿಲ್ಲಿಸು," ಎಂದರಂತೆ.

ಮತದಾನದ ದಿನ ಶುಕ್ರವಾರ, ಮಾವ ಊರಿನಲ್ಲಿದ್ದರು. ನಾನು ಬೆಳಿಗ್ಗೆಯೇ ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆ ಒಲೆಯ ಮುಂದೆ ನಿಂತಿದ್ದರು, ಒಲೆ ಹಚ್ಚಿರಲಿಲ್ಲ. ಈ ಸಲವೂ ಇಲ್ಲ ಎಂದುಬಿಟ್ಟರೆ ಆ ಮನುಷ್ಯ ಯಾವ ಮುಖ ಹೊತ್ತು ವಾಪಸ್ ಬರುತ್ತಾರೆ? ನಗಿಸಬೇಕೆಂದು ಏನೇನೋ ಹೇಳಿದೆ, ಇಬ್ಬರಿಗೂ ನಗು ಬರಲಿಲ್ಲ. ಕೊನೆಗೆ ಫೋನ್ ಬಂತು. ಅತ್ತೆ ಸ್ಪೀಕರ್ ಹಾಕಿ ನನ್ನ ಮುಂದಿಟ್ಟರು.

"ಮಾವ, ಹೆಸರು ಇತ್ತಾ?"

"ಇತ್ತು."

ಅತ್ತೆ ತಿರುಗಿ ಒಲೆ ಹಚ್ಚಿದರು. ಬಾಯಿ ತೆರೆದರೆ ನಿಲ್ಲಿಸದ ಮಾವನಿಗೆ ಆವತ್ತು ಒಂದೊಂದು ಮಾತೂ ಕಷ್ಟವಾಗುತ್ತಿತ್ತು.

"ಬೂತಲ್ಲಿ ಹೆಸರು ಜೋರಾಗಿ ಓದ್ತಾರೆ, ಗೊತ್ತುಂಟಾ? ಪಕ್ಷಗಳ ಏಜೆಂಟರಿಗೆ ಕೇಳ್ಬೇಕಲ್ಲ, ಅದಕ್ಕೆ. ಒಬ್ಳು ಟೀಚರ್ ಇದ್ಳು. ನನ್ನ ಹೆಸರು ಓದಿದ್ಳು, ಇಡೀ ಕೋಣೆಗೆ ಕೇಳುವ ಹಾಗೆ. ನಾನು ಅವಳ ಹತ್ರ, ಇನ್ನೊಂದು ಸಲ ಓದ್ತೀರಾ ಟೀಚರ್ ಅಂತ ಕೇಳಿದೆ."

"ಓದಿದ್ರಾ ಮಾವ?"

"ಓದಿದ್ಳು ಮಾರಾಯ್ತಿ. ಹಿಂದೆ ಲೈನಲ್ಲಿದ್ದವರೆಲ್ಲ ಕಾದ್ರು."